ಅಪರಿಚಿತರ ಮುಖ ತೆಗೆಯಲು ಕ್ಯಾನನ್ 50ಎಂಎಂ ಎಫ್/1.8 ಎಸ್‌ಟಿಎಂ

ಕ್ಯಾನನ್ ಡಿಎಸ್‌ಎಲ್‌ಆರ್ ಕೊಂಡವರು ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಆದಮೇಲೆ ಸಾಮಾನ್ಯವಾಗಿ ಕೊಳ್ಳುವ ಎರಡನೇ ಲೆನ್ಸ್ ಇದು. ಅಂಗೈಯಲ್ಲಿ ಅಡಗುತ್ತದೆ, ತೂಕ 160 ಗ್ರಾಂ, ಕ್ಯಾನನ್ ಲೆನ್ಸ್‌ಗಳಲ್ಲಿ ತೀರಾ ಅಗ್ಗದವುಗಳಲ್ಲಿ ಒಂದು. ಬಹಳಷ್ಟು ಮಂದಿ ಮನೆಯವರನ್ನೂ ಹೂಕುಂಡವನ್ನೂ ನಾಲ್ಕು ದಿನ ತೆಗೆದು, ಹಿನ್ನೆಲೆ ಮಸುಕಾಗಿದ್ದಕ್ಕೆ ಖುಷಿಪಟ್ಟು, ಆಮೇಲೆ ಬ್ಯಾಗಿನ ಮೂಲೆಗೆ ಹಾಕಿಬಿಡುತ್ತಾರೆ. ಇಲ್ಲಿ ಈ ಲೆನ್ಸನ್ನು ಒಂದೇ ಕೆಲಸಕ್ಕೆ ಒರೆ ಹಚ್ಚಿದೆ: ಸಂತೆ, ಜಾತ್ರೆ, ಮಾರುಕಟ್ಟೆ, ಬಸ್ ನಿಲ್ದಾಣಗಳಲ್ಲಿ ಗುರುತಿಲ್ಲದವರನ್ನು ಮಾತಾಡಿಸಿ ಅವರ ಮುಖ ತೆಗೆಯುವ ಕೆಲಸ. ಅದಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಈ ಬೆಲೆಗೆ ಸಿಗುವುದು ಕಷ್ಟ. ಆದರೆ ಇದರ ಕೆಲವು ಗುಣಗಳನ್ನು ಮೊದಲೇ ತಿಳಿದುಕೊಳ್ಳದಿದ್ದರೆ ಹತ್ತರಲ್ಲಿ ಆರು ಫೋಟೋ ಕೆಡುತ್ತವೆ.

2015ರಲ್ಲಿ ಬಂದ ಈ ಲೆನ್ಸ್, 1990ರಿಂದ ಮಾರಾಟದಲ್ಲಿದ್ದ 50ಎಂಎಂ ಎಫ್/1.8 ಮಾರ್ಕ್ 2ರ ಜಾಗಕ್ಕೆ ಬಂದದ್ದು. ಹಳೆಯದರ ಮೌಂಟ್ (ಕ್ಯಾಮೆರಾಗೆ ಕೂರುವ ಭಾಗ) ಪ್ಲಾಸ್ಟಿಕ್, ಅಪರ್ಚರ್ (ಬೆಳಕಿನ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಲೆಗಳು ಐದು, ಮೋಟಾರಿನ ಸದ್ದು ಪಕ್ಕದವರಿಗೂ ಕೇಳುವಷ್ಟು. ಕೆಳಗೆ ಬಿದ್ದರೆ ಮುಂಭಾಗವೇ ಕಳಚಿಕೊಳ್ಳುವ ಭಯ ಬೇರೆ. ಹೊಸದಕ್ಕೆ ಲೋಹದ ಮೌಂಟ್, ದುಂಡಗಿನ ಏಳು ಎಲೆ, 49ಎಂಎಂ ಫಿಲ್ಟರ್, 35 ಸೆಂ.ಮೀ. ಹತ್ತಿರದವರೆಗೆ ಫೋಕಸ್. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲಿ ಕೂತಿರುತ್ತವೆ. ಫಿಲ್ಟರ್ ಅಳತೆ 52 ಎಂದು ಬರೆದಿದ್ದರೆ ಅದು ಹಳೆಯದು. ಸ್ವಲ್ಪ ದುಡ್ಡು ಉಳಿಯುತ್ತದೆ ಎಂದು ಅದಕ್ಕೆ ಕೈಹಾಕಬೇಡಿ.

ಮೊದಲು ಒಂದು ತಪ್ಪು ತಿಳಿವಳಿಕೆ ಬಗೆಹರಿಯಬೇಕು. 50ಎಂಎಂ ಅಂದರೆ ಕಣ್ಣಿಗೆ ಕಂಡಂತೆಯೇ ಕಾಣುತ್ತದೆ, ಹೆಸರಾಂತ ಬೀದಿ ಛಾಯಾಗ್ರಾಹಕರೆಲ್ಲ ಬಳಸಿದ್ದು ಅದನ್ನೇ ಎನ್ನುವ ಮಾತು ಎಲ್ಲೆಡೆ ಇದೆ. ಹೆನ್ರಿ ಕಾರ್ತಿಯೆ ಬ್ರೆಸಾನ್ ಲೈಕಾ ಕ್ಯಾಮೆರಾದಲ್ಲಿ ಹೆಚ್ಚಾಗಿ ಬಳಸಿದ್ದು 50ಎಂಎಂ ಎನ್ನುವುದು ನಿಜ. ಆದರೆ ಅದು 36×24 ಮಿ.ಮೀ. ಫಿಲ್ಮ್. 1500ಡಿ, 200ಡಿ, 80ಡಿಯಂಥ ಕ್ಯಾಮೆರಾಗಳಲ್ಲಿ ಫಿಲ್ಮಿನ ಜಾಗದಲ್ಲಿರುವ ಸೆನ್ಸರ್ ಸುಮಾರು 22.3×14.9 ಮಿ.ಮೀ. ಅದರಲ್ಲಿ ಈ ಲೆನ್ಸ್ 80ಎಂಎಂನಷ್ಟು ಇಕ್ಕಟ್ಟಾಗಿ ನೋಡುತ್ತದೆ. ಅಂದರೆ ಇದು ಮುಖದ ಲೆನ್ಸ್. ಇಡೀ ಬೀದಿ, ಗುಂಪು, ಎತ್ತಿನಗಾಡಿ ಸಮೇತ ಮನುಷ್ಯ ಬೇಕು ಎನ್ನುವವರು ಇದನ್ನು ಕೊಂಡು ಕೊನೆಗೆ ಬೇಸರಪಡುತ್ತಾರೆ.

ಇಂಥ ಚಿಕ್ಕ ಸೆನ್ಸರಿನಲ್ಲಿ, ಅಂದರೆ ಕ್ರಾಪ್ ಸೆನ್ಸರಿನಲ್ಲಿ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಾಗ ಎಷ್ಟು ದೂರಕ್ಕೆ ಏನು ಸಿಗುತ್ತದೆ ಎಂಬ ಲೆಕ್ಕ ಬಾಯಿಪಾಠವಾಗಬೇಕು. ಒಂದು ಮೀಟರಿಗೆ ಚೌಕಟ್ಟಿನ ಎತ್ತರ ಸುಮಾರು 42 ಸೆಂ.ಮೀ.; ಮುಖ ಮತ್ತು ಕುತ್ತಿಗೆ. ಒಂದೂವರೆ ಮೀಟರಿಗೆ 65 ಸೆಂ.ಮೀ.; ಪೇಟದಿಂದ ಎದೆಯವರೆಗೆ. ಎರಡು ಮೀಟರಿಗೆ 87 ಸೆಂ.ಮೀ.; ಸೊಂಟದವರೆಗೆ, ಕೈಯಲ್ಲಿರುವ ತಕ್ಕಡಿಯೋ ಬುಟ್ಟಿಯೋ ಸೇರುತ್ತದೆ. ನಿಂತ ಮನುಷ್ಯ ಪಾದದವರೆಗೆ ಬೇಕಾದರೆ ನಾಲ್ಕೂವರೆ ಮೀಟರ್ ಹಿಂದೆ ಹೋಗಬೇಕು, ಮಾರ್ಕೆಟ್ಟಿನ ಓಣಿಯಲ್ಲಿ ಅಷ್ಟು ಜಾಗವೂ ಇರುವುದಿಲ್ಲ, ಇದ್ದರೂ ನಡುವೆ ಹತ್ತು ಜನ ಹಾಯುತ್ತಾರೆ. ಫುಲ್ ಫ್ರೇಮ್ (ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾ ಇದ್ದವರಿಗೆ ಅದೇ ಮನುಷ್ಯ 2.8 ಮೀಟರಿಗೇ ಸಿಗುತ್ತಾನೆ.

ಈ ಒಂದೂವರೆಯಿಂದ ಎರಡು ಮೀಟರ್ ದೂರವೇ ಲೆನ್ಸಿನ ದೊಡ್ಡ ಗುಣ. ಅದು ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವ ದೂರ. 55-250ರಂಥ ಜೂಮ್ ಹಾಕಿಕೊಂಡು ರಸ್ತೆಯ ಆಚೆಯಿಂದ ಕದ್ದು ತೆಗೆದ ಫೋಟೋದಲ್ಲಿ ಕಣ್ಣು ಎಲ್ಲೋ ನೋಡುತ್ತಿರುತ್ತದೆ. ಇದರಲ್ಲಿ ಮಾತಾಡಿಸದೆ ತೆಗೆಯಲು ಆಗುವುದೇ ಇಲ್ಲ. ತೀರಾ ಹತ್ತಿರದ ಅಗಲ ಲೆನ್ಸುಗಳ ಹಾಗೆ ಮೂಗು ದಪ್ಪ, ಕಿವಿ ಸಣ್ಣದಾಗುವ ವಿಕಾರವೂ ಇಲ್ಲ. ಅಷ್ಟು ಪುಟ್ಟ ಲೆನ್ಸ್ ಎದುರಿನವರಿಗೆ ಪತ್ರಿಕೆಯವರೋ ಟೀವಿಯವರೋ ಎಂಬ ದಿಗಿಲು ಹುಟ್ಟಿಸುವುದಿಲ್ಲ. ಬಿಳಿ ಬಣ್ಣದ ದೊಡ್ಡ ಜೂಮ್ ಕಂಡರೆ ಮೊದಲು ಬರುವ ಪ್ರಶ್ನೆ "ಯಾವ ಚಾನೆಲ್ ಸಾರ್?" ಎಂಬುದು, ಆ ಪ್ರಶ್ನೆ ಬಂದಮೇಲೆ ಮುಖ ಬಿಗಿದುಕೊಳ್ಳುತ್ತದೆ.

ಕೇಳುವ ರೀತಿಯೂ ಸಲಕರಣೆಯ ಭಾಗವೇ. ಕ್ಯಾಮೆರಾ ಕಣ್ಣಿಗೇರಿಸುವ ಮೊದಲು ಅದನ್ನು ಎದೆಯ ಮಟ್ಟದಲ್ಲಿ ಕಾಣುವಂತೆ ಹಿಡಿದು, "ಅಣ್ಣಾ, ನಿಮ್ದೊಂದು ಫೋಟೋ ತೆಗೀಲಾ?" ಎಂದರೆ ಸಾಕು. ಹುಬ್ಬಳ್ಳಿ ಧಾರವಾಡದ ಕಡೆ "ಯಜ್ಜಾ, ಒಂದ್ ಫೋಟೋ ತಗೀಲೇನ್ರಿ?" ಎಂದಾಗ ಬರುವ ನಗೆಗೆ ಬೆಂಗಳೂರಿನ "ಎಕ್ಸ್‌ಕ್ಯೂಸ್ ಮಿ" ಸಾಟಿಯಲ್ಲ. ಒಪ್ಪಿದ ಕೂಡಲೇ ಬಹುತೇಕ ಎಲ್ಲರೂ ಎರಡೂ ಕೈ ಇಳಿಬಿಟ್ಟು, ನಗೆ ನುಂಗಿ, ಆಧಾರ್ ಕಾರ್ಡಿಗೆ ನಿಂತಂತೆ ನಿಲ್ಲುತ್ತಾರೆ. ಅದನ್ನು ತಿದ್ದಬಾರದು, ಆ ಫೋಟೋವನ್ನು ಮನಸಾರೆ ತೆಗೆಯಿರಿ. ತೆಗೆದು ಪರದೆಯಲ್ಲಿ ತೋರಿಸಿ. ಅವರು ನೋಡಿ, ಪಕ್ಕದ ಅಂಗಡಿಯವರನ್ನು ಕರೆದು ತೋರಿಸಿ, ಮತ್ತೆ ಕೈಯ ಕೆಲಸಕ್ಕೆ ತಿರುಗುವ ಆ ಅರ್ಧ ನಿಮಿಷದಲ್ಲಿ ಎರಡನೆಯ ಫೋಟೋ ಇರುತ್ತದೆ. ಈ ಹವ್ಯಾಸದ ಸುಖವೆಲ್ಲ ಆ ಎರಡನೆಯ ಫೋಟೋದಲ್ಲೇ ಇದೆ. ಬೇಡ ಎಂದು ಕೈಯಾಡಿಸಿದರೆ ಅಲ್ಲಿಗೆ ಮುಗಿಯಿತು, ನಕ್ಕು ಮುಂದೆ ಹೋಗಬೇಕು. ಮಕ್ಕಳಾದರೆ ಜೊತೆಯ ಹಿರಿಯರನ್ನು ಕೇಳದೆ ಶಟರ್ ಒತ್ತಬಾರದು. ಫೋಟೋವನ್ನು ಜಾಹೀರಾತಿಗೆ ಬಳಸುವ ಯೋಚನೆ ಇದ್ದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಇನ್ನು ಕೆಡುವ ಕಡೆಗೆ ಬರೋಣ. ಮೊದಲನೆಯದೂ ದೊಡ್ಡದೂ ಆದ ತೊಂದರೆ ಫೋಕಸ್. ಎಫ್/1.8 ಇದೆ ಎಂದು ಎಲ್ಲವನ್ನೂ ಎಫ್/1.8ರಲ್ಲೇ ತೆಗೆಯುವವರು, ಕ್ರಾಪ್ ಸೆನ್ಸರಿನಲ್ಲಿ ಒಂದೂವರೆ ಮೀಟರ್ ದೂರಕ್ಕೆ ಸ್ಪಷ್ಟವಾಗಿ ಕಾಣುವ ಆಳ ಬರೀ 6 ಸೆಂ.ಮೀ. ಎಂಬುದನ್ನು ಮರೆಯುತ್ತಾರೆ. ಒಂದು ಮೀಟರಿಗೆ ಬಂದರೆ ಅದು 3 ಸೆಂ.ಮೀ.ಗಿಂತ ಕಡಿಮೆ. ಮುಖ ಸ್ವಲ್ಪ ಓರೆಯಾಗಿದ್ದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಂಜು. ಎಫ್/2.8ಕ್ಕೆ ಒಂದೂವರೆ ಮೀಟರಿನಲ್ಲಿ ಸುಮಾರು 10 ಸೆಂ.ಮೀ., ಎಫ್/4ಕ್ಕೆ 14 ಸೆಂ.ಮೀ. ಸಿಗುತ್ತದೆ, ಎರಡು ಮೀಟರಿನಲ್ಲಿ ಎಫ್/4 ಎಂದರೆ 24 ಸೆಂ.ಮೀ., ಮೂಗಿನ ತುದಿಯಿಂದ ಕಿವಿಯ ಹಿಂದಿನವರೆಗೆ ಧಾರಾಳ. ಲೆನ್ಸಿನ ಹರಿತವೂ ಎಫ್/2.8ರಿಂದ ಮುಂದೆಯೇ ಚೆನ್ನಾಗಿ ತೆರೆದುಕೊಳ್ಳುತ್ತದೆ. ಹೀಗಾಗಿ ಒಬ್ಬರ ಮುಖಕ್ಕೆ ಎಫ್/2.8, ಕೈಕೆಲಸವೂ ಬೇಕಾದರೆ ಎಫ್/4, ಇಬ್ಬರು ಪಕ್ಕಪಕ್ಕ ಕೂತಿದ್ದರೆ ಎಫ್/5.6. ಎಫ್/1.8 ಇರುವುದು ಬೆಳಕು ತೀರಾ ಇಲ್ಲದ ಹೊತ್ತಿಗೆ.

ಹಿನ್ನೆಲೆ ಪೂರಾ ಕರಗಿಸುವ ಆಸೆಗೆ ಇನ್ನೊಂದು ಬೆಲೆಯೂ ಇದೆ. ಹೂ ಮಾರುವವರ ಹಿಂದಿನ ಸೇವಂತಿಗೆ ರಾಶಿ, ಬಳೆಗಾರರ ಹಿಂದಿನ ಗಾಜಿನ ಸಾಲು ಬರೀ ಬಣ್ಣದ ಕಲೆಯಾದರೆ ಉಳಿಯುವುದು ಯಾರದೋ ಪಾಸ್‌ಪೋರ್ಟ್ ಸೈಜ್ ಮುಖ. ಎಫ್/4ರಲ್ಲಿ ಅವು ಮೆತ್ತಗಾಗುತ್ತವೆ, ಆದರೆ ಏನೆಂದು ಗೊತ್ತಾಗುತ್ತವೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ತೆಗೆದ ಸಾಮಾನ್ಯ ಜನರ ಚಿತ್ರಗಳನ್ನು ನೋಡಿದವರಿಗೆ ಮನುಷ್ಯ ಮತ್ತು ಆತ ನಿಂತ ಜಾಗ ಒಟ್ಟಿಗಿದ್ದಾಗ ಚಿತ್ರಕ್ಕೆ ಬರುವ ಜೀವ ಎಂಥದ್ದೆಂದು ಹೇಳಬೇಕಾಗಿಲ್ಲ.

ಎರಡನೆಯ ಫೋಕಸ್ ತಪ್ಪು ನಡುವಿನ ಪಾಯಿಂಟಿನದು. 1500ಡಿ, 200ಡಿ ಎರಡರಲ್ಲೂ ವ್ಯೂಫೈಂಡರಿನಲ್ಲಿ 9 ಫೋಕಸ್ ಪಾಯಿಂಟ್ ಇವೆ. ನಡುವಿನದು ಮಾತ್ರ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವಂಥದ್ದು), ಅದೇ ಹೆಚ್ಚು ನಂಬಿಕಸ್ಥ. ಆದ್ದರಿಂದ ನಡುವಿನ ಪಾಯಿಂಟಿನಿಂದ ಕಣ್ಣಿಗೆ ಫೋಕಸ್ ಹಿಡಿದು, ಬಟನ್ ಅರ್ಧ ಒತ್ತಿಕೊಂಡೇ ಕ್ಯಾಮೆರಾ ತಿರುಗಿಸಿ ಚೌಕಟ್ಟು ಸರಿಮಾಡುವ ಅಭ್ಯಾಸ ಹಲವರಿಗಿದೆ. ಒಂದೂವರೆ ಮೀಟರ್ ದೂರದಲ್ಲಿ 15 ಡಿಗ್ರಿ ತಿರುಗಿಸಿದರೆ ಫೋಕಸ್ ಇರುವ ಜಾಗ ಸುಮಾರು 5 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಎಫ್/1.8ರಲ್ಲಿ ಕಣ್ಣಿನ ಹಿಂದೆ ಇರುವ ಅವಕಾಶವೇ 3 ಸೆಂ.ಮೀ. ಕಣ್ಣು ಮಂಜಾಗಿ ಕಿವಿಯ ಹತ್ತಿರದ ಕೂದಲು ಸ್ಪಷ್ಟವಾಗಿ ಬರುವ ಫೋಟೋಗಳಿಗೆಲ್ಲ ಕಾರಣ ಇದು. ಪಾಪ, ಲೆನ್ಸಿಗೆ ಬೈಗುಳ. ಪರಿಹಾರ ಎರಡು. ಬೆಳಕಿದ್ದಾಗ ಕಣ್ಣಿಗೆ ಹತ್ತಿರದ ಪಾಯಿಂಟನ್ನೇ ಆರಿಸಿ. ಕತ್ತಲಿದ್ದರೆ ನಡುವಿನ ಪಾಯಿಂಟಿನಲ್ಲೇ ಕಣ್ಣಿಟ್ಟು, ಸ್ವಲ್ಪ ಹಿಂದೆ ನಿಂತು ತೆಗೆದು, ಆಮೇಲೆ ಅಂಚು ಕತ್ತರಿಸಿಕೊಳ್ಳಿ. 24 ಮೆಗಾಪಿಕ್ಸೆಲ್‌ನಲ್ಲಿ ಅಷ್ಟು ಕತ್ತರಿಸಲು ಜಾಗವಿದೆ. ಒಂಬತ್ತೂ ಪಾಯಿಂಟನ್ನು ಕ್ಯಾಮೆರಾ ಕೈಗೆ ಬಿಟ್ಟರೆ ಅದು ಹತ್ತಿರದ ವಸ್ತುವಿಗೆ, ಅಂದರೆ ಬಾಳೆಗೊನೆಗೋ ತಕ್ಕಡಿಯ ಸರಪಳಿಗೋ ಹೋಗಿ ಕೂರುತ್ತದೆ.

200ಡಿ ಇದ್ದವರು ಲೈವ್ ವ್ಯೂ (ಪರದೆ ನೋಡುತ್ತ ತೆಗೆಯುವುದು) ಬಳಸಿದರೆ ಡ್ಯುಯಲ್ ಪಿಕ್ಸೆಲ್ ಫೋಕಸ್ ಮುಖವನ್ನು ತಾನೇ ಹುಡುಕುತ್ತದೆ, 200ಡಿ ಮಾರ್ಕ್ 2 ಕಣ್ಣನ್ನೂ ಗುರುತಿಸುತ್ತದೆ. 1500ಡಿಯಲ್ಲಿ ಆ ಸೌಲಭ್ಯ ಇಲ್ಲ. ಅದರ ಲೈವ್ ವ್ಯೂ ಫೋಕಸ್ ನಿಧಾನ, ಕೂತವರಿಗೆ ಮಾತ್ರ ಸರಿ.

ಕ್ಯಾಮೆರಾ ಸೊಂಟದ ಮಟ್ಟದಲ್ಲಿ ಹಿಡಿದು, ಫೋಕಸನ್ನು ಒಂದು ದೂರಕ್ಕೆ ನಿಲ್ಲಿಸಿಕೊಂಡು ನಡೆಯುತ್ತಲೇ ತೆಗೆಯುವ ಪದ್ಧತಿಗೆ ಇದು ಒಗ್ಗುವುದಿಲ್ಲ. ಲೆನ್ಸಿನ ಮೇಲೆ ದೂರದ ಗುರುತುಗಳೇ ಇಲ್ಲ. ಫೋಕಸ್ ಉಂಗುರ ಮೋಟಾರಿನ ಮೂಲಕ ಕೆಲಸ ಮಾಡುವುದರಿಂದ ಕ್ಯಾಮೆರಾ ಆಫ್ ಇದ್ದಾಗ ಅದನ್ನು ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಎಫ್/8ರಲ್ಲೂ ಅನಂತದವರೆಗೆ ಸ್ಪಷ್ಟ ಬೇಕಾದರೆ 16 ಮೀಟರಿಗೆ ಫೋಕಸ್ ಇಡಬೇಕು, ಆಗ ಸ್ಪಷ್ಟತೆ ಶುರುವಾಗುವುದೇ 8 ಮೀಟರಿನಿಂದ. ಅಂಥ ಕೆಲಸಕ್ಕೆ ಕ್ಯಾನನ್ನಿನದೇ ಇಎಫ್-ಎಸ್ 24ಎಂಎಂ ಎಫ್/2.8 ಎಸ್‌ಟಿಎಂ ಸರಿ: 125 ಗ್ರಾಂ, ಚಪಾತಿಯಷ್ಟು ತೆಳು ಎನ್ನಬಹುದಾದ ಲೆನ್ಸ್, ಕ್ರಾಪ್ ಸೆನ್ಸರಿನಲ್ಲಿ 38ಎಂಎಂನ ನೋಟ. ಎಫ್/8ಕ್ಕಿಟ್ಟು 4 ಮೀಟರ್ ದೂರದಲ್ಲಿರುವ ಯಾವುದಕ್ಕಾದರೂ ಫೋಕಸ್ ಹಿಡಿದು ಎಂಎಫ್‌ಗೆ (ಕೈಯಿಂದ ಫೋಕಸ್ ಮಾಡುವುದಕ್ಕೆ) ತಿರುಗಿಸಿದರೆ ಎರಡು ಮೀಟರಿನಿಂದ ದೂರದವರೆಗೆ ಎಲ್ಲ ಸ್ಪಷ್ಟ. ಬೀದಿಗೆ 24, ಮುಖಕ್ಕೆ 50. ಈ ಎರಡು ಸೇರಿ ಮುನ್ನೂರು ಗ್ರಾಂ ಕೂಡ ಇಲ್ಲ.

ಬೆಳಕಿನ ವಿಷಯಕ್ಕೆ ಬಂದರೆ ಈ ಲೆನ್ಸ್ ತನ್ನ ದುಡ್ಡನ್ನು ತಾನೇ ಹಿಂದಿರುಗಿಸುತ್ತದೆ. 18-55 ಕಿಟ್ ಲೆನ್ಸನ್ನು 55ಕ್ಕೆ ಎಳೆದರೆ ಸಿಗುವುದು ಎಫ್/5.6. ಅದಕ್ಕಿಂತ ಎಫ್/1.8 ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಬಿಡುತ್ತದೆ. ಬೆಂಗಳೂರಿನ ಕೆ. ಆರ್. ಮಾರುಕಟ್ಟೆಯ ಹೂವಿನ ಅಂಗಳದಲ್ಲಿ ಬೆಳಗಿನ ಜಾವ ಕಿಟ್ ಲೆನ್ಸಿಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ; ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 6400 ಬೇಕಾದ ಜಾಗದಲ್ಲಿ ಇದಕ್ಕೆ 640 ಸಾಕು. ಆ ಎರಡು ಫೋಟೋಗಳ ಚರ್ಮದ ಬಣ್ಣ, ಸುಕ್ಕಿನ ವಿವರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇನ್ನೇನೂ ವಾದ ಬೇಕಾಗುವುದಿಲ್ಲ.

ಇದರಲ್ಲಿ ಕೈ ನಡುಕ ಸರಿದೂಗಿಸುವ ಇಮೇಜ್ ಸ್ಟೆಬಿಲೈಸೇಶನ್ ಇಲ್ಲ. ಇದ್ದರೂ ಮಾತಾಡುವ ಮನುಷ್ಯನ ಚಲನೆಯನ್ನು ಅದು ನಿಲ್ಲಿಸುತ್ತಿರಲಿಲ್ಲ. ಎವಿ ಮೋಡಿನಲ್ಲಿ (ಅಪರ್ಚರ್ ನಮ್ಮ ಆಯ್ಕೆ, ಶಟರ್ ವೇಗ ಕ್ಯಾಮೆರಾದ್ದು) ಐಎಸ್‌ಒ ಆಟೋ ಬಿಟ್ಟರೆ ಕ್ಯಾಮೆರಾ ಸದ್ದಿಲ್ಲದೆ 1/60, 1/80 ಸೆಕೆಂಡಿಗೆ ಇಳಿಯುತ್ತದೆ. ತಲೆ ಅಲ್ಲಾಡಿದ ಫೋಟೋ ಬರುತ್ತದೆ, ಫೋಕಸ್ ತಪ್ಪಿತೆಂದು ಭ್ರಮೆಯಾಗುತ್ತದೆ. ಎಂ ಮೋಡಿಗೆ (ಎರಡೂ ನಮ್ಮದೇ ಆಯ್ಕೆ) ಹಾಕಿ, 1/200, ಎಫ್/2.8, ಐಎಸ್‌ಒ ಆಟೋ, ಮಿತಿ 3200 ಎಂದು ಕಟ್ಟಿಬಿಡುವುದು ಸುಲಭ ದಾರಿ. ಜಾತ್ರೆಯ ರಾತ್ರಿಗೆ ಬಂದರೆ ಮತ್ತೊಂದು ಲೆಕ್ಕ. ನಮ್ಮ ವಿದ್ಯುತ್ 50 ಹರ್ಟ್ಜ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/200ರಲ್ಲಿ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಂದು ಬಣ್ಣಕ್ಕೆ, ಕೆಲವದರಲ್ಲಿ ಅಡ್ಡಪಟ್ಟಿ. ಬಸವನಗುಡಿಯ ಕಡಲೆಕಾಯಿ ಪರಿಷೆಯಂಥ ಕಡೆ, ರಾಶಿಯ ಮೇಲೆ ತೂಗುಬಿಟ್ಟ ಬಲ್ಬಿನ ಕೆಳಗೆ 1/100 ಇಟ್ಟುಕೊಳ್ಳಿ. ಮಿನುಗಿನ ಒಂದು ಸುತ್ತು ಪೂರ್ತಿ ಒಳಗೆ ಬರುವುದರಿಂದ ಬೆಳಕು ಸಮನಾಗುತ್ತದೆ. 1/100ಕ್ಕೆ ಅಲುಗಾಟ ಬರಬಹುದು, ಅದಕ್ಕೆ ಮೂರು ನಾಲ್ಕು ಫೋಟೋ ಒಟ್ಟಿಗೆ ತೆಗೆಯಬೇಕು. 80ಡಿಯಲ್ಲಿ ಆಂಟಿ ಫ್ಲಿಕರ್ ಇದೆ, ಹಾಕಿಕೊಂಡರೆ ಈ ತಲೆನೋವಿಲ್ಲ. ಕತ್ತಲಲ್ಲಿ ಫೋಕಸಿಗೆಂದು ಫ್ಲ್ಯಾಶ್ ಪಟಪಟನೆ ಹೊಡೆಯುವುದನ್ನು ಮೆನುವಿನಲ್ಲಿ ಮೊದಲೇ ಬಂದ್ ಮಾಡಿ. ಅಜ್ಜಿಯ ಕಣ್ಣಿಗೆ ಅದು ಹಿಂಸೆ.

ನಡುಹಗಲಿನಲ್ಲಿ ತೊಂದರೆ ತಿರುವುಮುರುವು. ಸುಡುಬಿಸಿಲಿಗೆ ಐಎಸ್‌ಒ 100, ಎಫ್/1.8 ಎಂದರೆ 1/8000 ಬೇಕು. 1500ಡಿ, 200ಡಿ 1/4000ಕ್ಕೆ ನಿಲ್ಲುತ್ತವೆ, ಫೋಟೋ ಸುಟ್ಟ ಹಾಗೆ ಬೆಳ್ಳಗಾಗುತ್ತದೆ. ಎಫ್/2.8ಕ್ಕೆ 1/3200 ಸಾಕು. ಆದರೆ ಆ ಬಿಸಿಲಿನಲ್ಲಿ ಕಣ್ಣಿನ ಗುಳಿಗಳೆಲ್ಲ ಕಪ್ಪಾಗುವುದರಿಂದ ಮನುಷ್ಯನನ್ನು ನೆರಳಿಗೆ ಕರೆಯುವುದೇ ಮೇಲು. ಅಂಗಡಿಯ ಹೊಸ್ತಿಲು, ಮನೆಯ ಜಗಲಿ, ಮರದ ನೆರಳಿನ ಅಂಚು: ಬಿಸಿಲಿನ ಗೆರೆಯಿಂದ ಒಂದಡಿ ಒಳಗೆ, ಮುಖ ಹೊರಗಡೆಗೆ. ಎದುರಿನ ರಸ್ತೆಯ ಬಿಸಿಲು ಕೆಳಗಿನಿಂದ ಪುಟಿದು ಕಣ್ಣಿಗೆ ಹೊಳಪು ಕೊಡುತ್ತದೆ.

ನೀಲಿ ಟಾರ್ಪಾಲಿನ ಕೆಳಗೆ ಕೂತವರ ಬಗ್ಗೆ ಬೇರೆಯೇ ಹೇಳಬೇಕು, ಯಾಕೆಂದರೆ ಸಂತೆಯ ಅರ್ಧ ಜನ ಅಲ್ಲೇ ಇರುತ್ತಾರೆ. ಮೇಲಿನಿಂದ ನೀಲಿ, ಮುಂದಿನಿಂದ ಬಿಸಿಲು ಬಿದ್ದು ಒಂದೇ ಮುಖಕ್ಕೆ ಎರಡು ಬಣ್ಣ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರ) ತೆಗೆದರೂ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಒಂದನ್ನು ಸರಿಮಾಡುವಾಗ ಇನ್ನೊಂದನ್ನು ಕೆಡಿಸುತ್ತದೆ. ಅವರನ್ನು ಅರ್ಧ ಹೆಜ್ಜೆ ಮುಂದೆ ಬಾಗಲು ಕೇಳುವುದು, ಇಲ್ಲವೇ ಆ ಫೋಟೋವನ್ನು ಕಪ್ಪುಬಿಳುಪಿಗೆಂದು ಮೊದಲೇ ತೀರ್ಮಾನಿಸುವುದು ಲೇಸು. ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಪೇಟದ ಯಜಮಾನರು ಚೌಕಟ್ಟು ತುಂಬಿದರೆ ಕ್ಯಾಮೆರಾ ಬಿಳಿಯನ್ನು ಬೂದಿ ಮಾಡಲು ಹೋಗಿ ಮುಖವನ್ನು ಕಪ್ಪಾಗಿಸುತ್ತದೆ. ಎವಿಯಲ್ಲಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನನ್ನು +2/3ರಿಂದ +1ಕ್ಕೆ ಏರಿಸಿ. ಹಿಂದೆ ಕತ್ತಲೆ ಅಂಗಡಿಯಿದ್ದರೆ ಇದರ ಉಲ್ಟಾ, −2/3.

ಲೆನ್ಸಿನ ದೋಷಗಳು ಸ್ವಲ್ಪವೇ. ಎಫ್/1.8ರಲ್ಲಿ ಹೊಳೆಯುವ ಅಂಚುಗಳಿಗೆ, ಮೂಗುತಿಗೆ, ಬಿಳಿ ಕೂದಲಿಗೆ ನೇರಳೆ ಹಸಿರು ಗೆರೆ ಬರುತ್ತದೆ, ಎಫ್/2.8ಕ್ಕೆ ಬಹುಪಾಲು ಹೋಗುತ್ತದೆ. ಫುಲ್ ಫ್ರೇಮಿನಲ್ಲಿ ಮೂಲೆಗಳು ಕಪ್ಪಾಗುತ್ತವೆ, ಮುಖಕ್ಕೆ ಅದರಿಂದ ನಷ್ಟವಿಲ್ಲ. ಬರಿಯ ಬಲ್ಬು ಚೌಕಟ್ಟಿನಲ್ಲಿದ್ದರೆ ಅಗ್ಗದ ಯುವಿ ಫಿಲ್ಟರು ಬಲ್ಬಿನ ನೆರಳುಬಿಂಬವನ್ನು ಮುಖದ ಮೇಲೇ ಎಸೆಯುತ್ತದೆ, ರಾತ್ರಿ ಅದನ್ನು ತೆಗೆದಿಡಿ. ಫೋಕಸ್ ಮಾಡುವಾಗ ಮುಂದಿನ ಕೊಳವೆ ಹೊರಗೆ ಬರುತ್ತದೆ. ಹತ್ತಿರದ ಫೋಟೋ ತೆಗೆದು ಹಾಗೆಯೇ ಆಫ್ ಮಾಡಿ ಬ್ಯಾಗಿಗೆ ತುರುಕಿದರೆ ಒತ್ತಡವೆಲ್ಲ ಒಳಗಿನ ಗೇರಿಗೆ. ಆಫ್ ಮಾಡುವ ಮುನ್ನ ದೂರದ ಯಾವುದಕ್ಕಾದರೂ ಒಮ್ಮೆ ಫೋಕಸ್ ಮಾಡಿದರೆ ಕೊಳವೆ ಒಳಗೆ ಹೋಗುತ್ತದೆ. ಲೆನ್ಸಿನ ಮುಂದೆ ಹಾಕುವ ಇಎಸ್-68 ಹುಡ್ ಡಬ್ಬಿಯೊಳಗೆ ಬರುವುದಿಲ್ಲ, ಬೇರೆ ಕೊಳ್ಳಬೇಕು, ಕೊಳ್ಳಲೇಬೇಕು. ಜನಜಂಗುಳಿಯಲ್ಲಿ ಮೊಣಕೈ ತಾಗಿದಾಗ ಪೆಟ್ಟನ್ನು ಅದು ತಿನ್ನುತ್ತದೆ. ಮಳೆ, ದೂಳಿಗೆ ಯಾವ ರಕ್ಷಣೆಯೂ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ದೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಕಳೆದ ಲೆನ್ಸುಗಳಲ್ಲಿ ಇದು ಹೆಚ್ಚು. ಅಲ್ಲಿನವರು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್ ಬಣ್ಣ ತಿರುಗಿದಾಗ ಹುರಿದು ಒಣಗಿಸಬೇಕು. ಚರ್ಮದ ಚೀಲದೊಳಗೆ ಮಾತ್ರ ಇಡಬಾರದು. ಫಿಲ್ಟರ್ ಅಂಚು ತಗ್ಗಾಗಿದ್ದರೆ ಬಿದ್ದ ಲೆನ್ಸ್ ಎಂದೇ ಅರ್ಥ. ಹತ್ತಿರಕ್ಕೂ ದೂರಕ್ಕೂ ಇಪ್ಪತ್ತು ಸಲ ಫೋಕಸ್ ಮಾಡಿಸಿ ನೋಡಿ, ಎಲ್ಲಾದರೂ ತಡವರಿಸಿದರೆ ಬೇಡ.

ಕ್ಯಾನನ್ನಿನ ಆರ್10, ಆರ್50ಯಂಥ ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಇದನ್ನು ಅಡಾಪ್ಟರಿನ ಮೂಲಕ ಹಾಕಬಹುದು, ಚೆನ್ನಾಗಿಯೇ ನಡೆಯುತ್ತದೆ. ಹೊಸದಾಗಿ ಕೊಳ್ಳುವುದಾದರೆ 2020ರ ಆರ್‌ಎಫ್ 50ಎಂಎಂ ಎಫ್/1.8 ನೇರವಾಗಿ ಕೂರುತ್ತದೆ, ತೂಕ ಇದರಷ್ಟೇ, ಕಣ್ಣು ಹಿಡಿಯುವ ಕೆಲಸವನ್ನು ಕ್ಯಾಮೆರಾವೇ ಮಾಡುವುದರಿಂದ ಮೇಲೆ ಹೇಳಿದ ಅರ್ಧ ತೊಂದರೆ ಇಲ್ಲ. ನಿಕಾನಿನ ಡಿ3500, ಡಿ5600 ಇದ್ದವರು ಎಎಫ್-ಎಸ್ 50ಎಂಎಂ ಎಫ್/1.8ಜಿ ಎಂದು ಸರಿಯಾಗಿ ಓದಿ ಕೊಳ್ಳಬೇಕು. ಅಗ್ಗವೆಂದು 1.8ಡಿ ತಂದರೆ ಆಟೋ ಫೋಕಸ್ ನಡೆಯುವುದಿಲ್ಲ, ಆ ಕ್ಯಾಮೆರಾಗಳೊಳಗೆ ಮೋಟಾರಿಲ್ಲ.

ಕೊನೆಗೆ ಪ್ರಿಂಟು. "ಫೋಟೋ ಕೊಡ್ತೀರಾ?" ಎಂದು ಕೇಳದವರು ಅಪರೂಪ, ಕೊಡುತ್ತೇನೆಂದು ಹೇಳಿ ಕೊಡದವರಿಂದ ಮುಂದೆ ಬರುವವರಿಗೆಲ್ಲ ಬಾಗಿಲು ಮುಚ್ಚುತ್ತದೆ. 4×6 ಇಂಚು ಪ್ರಿಂಟ್ ಈ ಸೆನ್ಸರಿನ 3:2 ಅಳತೆಗೆ ಸರಿಯಾಗಿ ಹೊಂದುತ್ತದೆ, ತಲೆಯ ಮೇಲಾಗಲಿ ಕೈಯಲ್ಲಾಗಲಿ ಏನೂ ಕತ್ತರಿಸಿ ಹೋಗುವುದಿಲ್ಲ. 5×7ರಲ್ಲಿ ಅಂಚು ಹೋಗುತ್ತದೆ. ಪರದೆಯಲ್ಲಿ ಸರಿ ಕಂಡದ್ದಕ್ಕಿಂತ ಪ್ರಿಂಟು ಸ್ವಲ್ಪ ಕಪ್ಪಾಗಿ ಬರುವುದರಿಂದ ಮುಖವನ್ನು ಒಂದು ಎಳೆ ಬೆಳ್ಳಗೆ ಮಾಡಿ ಸ್ಟುಡಿಯೋಗೆ ಕೊಡಿ. ಮೀನು, ಸೊಪ್ಪು, ಹೂ ಮಾರುವವರ ಕೈ ಸದಾ ಒದ್ದೆ. ಅವರಿಗೆ ಲ್ಯಾಮಿನೇಷನ್ ಮಾಡಿಸಿಯೇ ಒಯ್ಯಿರಿ. ಲಕೋಟೆಯ ಹಿಂದೆ ಸಾಲು, ಅಂಗಡಿ, ಸಂತೆಯ ವಾರ ಬರೆದಿಟ್ಟುಕೊಂಡರೆ ಮುಂದಿನ ವಾರ ಅದೇ ಜಾಗಕ್ಕೆ ತಲುಪಿಸಬಹುದು.